ಯಂತ್ರದ ಕರ್ಣಧಾರ: ನಾರ್ಬರ್ಟ್ ವೀನರ್

ಬೆಳಗಿನ ಪತ್ರಿಕೆಯನ್ನು ತೆರೆದರೆ ‘ಸೈಬರ್’ ಎಂಬ ಪದ ಕಣ್ಣಿಗೆ ಬೀಳದ ದಿನವಿಲ್ಲ. ಸೈಬರ್ ಅಪರಾಧ, ಸೈಬರ್ ಭದ್ರತೆ, ಸೈಬರ್ ಪೊಲೀಸ್ ಠಾಣೆ ಎಂದು ಅದು ಕಳವು ಕಾವಲುಗಳೆರಡಕ್ಕೂ ವಿಶೇಷಣವಾಗಿ ನಮ್ಮ ನುಡಿಯಲ್ಲಿ ನೆಲಸಿಬಿಟ್ಟಿದೆ. ಆದರೆ ಅದರ ಹುಟ್ಟು ಇಷ್ಟು ಕ್ಷುದ್ರವಾದುದಲ್ಲ. ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿದವನಿಗೆ ‘ಕ್ಯುಬರ್ನೇಟೀಸ್’ ಎಂದು ಹೆಸರು. ನಾವು ಸಂಸ್ಕೃತದಿಂದ ಪಡೆದ ‘ಕರ್ಣಧಾರ’ ಶಬ್ದ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆ ಪದದಿಂದ ‘ಸೈಬರ್ನೆಟಿಕ್ಸ್’ ಎಂಬ ಶಾಸ್ತ್ರನಾಮವನ್ನು ನಿರ್ಮಿಸಿ, ೧೯೪೮ರಲ್ಲಿ ಅದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದವನು ಅಮೆರಿಕಾದ ಗಣಿತಜ್ಞ ನಾರ್ಬರ್ಟ್ ವೀನರ್. ಯಂತ್ರದ ಚುಕ್ಕಾಣಿ ಯಾರ ಕೈಯಲ್ಲಿರಬೇಕೆಂಬ ಚಿಂತೆಯಲ್ಲಿಯೇ ಆತನ ಬಾಳಿನ ಕೊನೆಯ ಇಪ್ಪತ್ತು ವರ್ಷಗಳು ಕಳೆದುವು.

ವೀನರ್ ಹುಟ್ಟಿದುದು ೧೮೯೪ರ ನವೆಂಬರ್ ೨೬ರಂದು, ಮಿಸೂರಿ ಪ್ರಾಂತದ ಕೊಲಂಬಿಯಾ ನಗರದಲ್ಲಿ. ತಂದೆ ಲಿಯೋ ವೀನರ್ ಬಹುಭಾಷಾವಿದ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವಿಕ್ ಭಾಷೆಗಳ ಅಧ್ಯಾಪಕ. ಟಾಲ್‌ಸ್ಟಾಯ್ ಮಹಾಶಯನ ಕೃತಿಗಳನ್ನು ಇಪ್ಪತ್ತನಾಲ್ಕು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದವನು. ಮಗನಿಗೆ ಮನೆಯಲ್ಲಿಯೇ ತಾನೇ ಗುರುವಾದನು. ಪಾಠದಲ್ಲಿ ಸಣ್ಣ ತಪ್ಪಾದರೂ ಸಿಡಿಲಿನಂತೆ ಎರಗುವ ಗುರು ಆತ. ಎಂಟನೆಯ ವಯಸ್ಸಿನಲ್ಲಿ ಹುಡುಗನ ಕಣ್ಣು ಮಂಜಾಗುತ್ತಿರುವುದನ್ನು ಕಂಡ ವೈದ್ಯರು ಆರು ತಿಂಗಳು ಪುಸ್ತಕ ಮುಟ್ಟಬಾರದೆಂದರು. ತಂದೆ ಬಾಯಿಪಾಠದಿಂದಲೇ ಗಣಿತವನ್ನು ಮುಂದುವರಿಸಿದನು. ಲೆಕ್ಕವನ್ನು ಕಾಗದವಿಲ್ಲದೆ ಮನಸ್ಸಿನಲ್ಲಿಯೇ ಬಿಡಿಸುವ ಅಭ್ಯಾಸ ಬೆಳೆದುದು ಹಾಗೆ. ಹನ್ನೊಂದಕ್ಕೆ ಪ್ರೌಢಶಾಲೆ, ಹದಿನಾಲ್ಕಕ್ಕೆ ಟಫ್ಟ್ಸ್ ಕಾಲೇಜಿನ ಪದವಿ, ಹದಿನೆಂಟಕ್ಕೆ ಹಾರ್ವರ್ಡಿನ ಡಾಕ್ಟರೇಟ್. ಪತ್ರಿಕೆಗಳು ಬಾಲಕನನ್ನು ಅದ್ಭುತವೆಂದು ಸಾರಿದುವು. ಮಗನಲ್ಲಿ ಹುಟ್ಟುಪ್ರತಿಭೆಯೇನೂ ಇಲ್ಲ, ಎಲ್ಲವೂ ತನ್ನ ಶಿಕ್ಷಣದ ಫಲವೆಂಬ ತಂದೆಯ ಅಭಿಪ್ರಾಯವೂ ಅವುಗಳಲ್ಲಿ ಅಚ್ಚಾಯಿತು. ಗೆದ್ದರೆ ಕೀರ್ತಿ ತಂದೆಗೆ, ಸೋತರೆ ಅಪಕೀರ್ತಿ ತನಗೆ ಎಂಬ ಕಹಿಯನ್ನು ಆ ಬಾಲಕ ಮುದುಕನಾಗುವವರೆಗೂ ಮರೆಯಲಿಲ್ಲ. ೧೯೫೩ರಲ್ಲಿ ಬರೆದ ಆತ್ಮಕಥೆಯಲ್ಲಿ ಅದು ಇನ್ನೂ ಹಸಿಯಾಗಿಯೇ ಇದೆ.

ಬಳಿಕ ಕೇಂಬ್ರಿಡ್ಜಿನಲ್ಲಿ ರಸೆಲ್ ಮತ್ತು ಹಾರ್ಡಿಯವರ ಬಳಿ, ಗಟಿಂಗೆನ್ನಿನಲ್ಲಿ ಹಿಲ್ಬರ್ಟನ ಬಳಿ ವ್ಯಾಸಂಗ. ೧೯೧೯ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಸೇರಿ ನಿವೃತ್ತನಾಗುವವರೆಗೂ ಅಲ್ಲಿಯೇ ನಿಂತನು. ಆತನ ಮರೆಗುಳಿತನದ ಕುರಿತು ಹುಟ್ಟಿದ ನಗೆಗತೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನಿಜ ಕಡಿಮೆ.

ಆತನ ಬಾಳಿನ ತಿರುವು ಎರಡನೆಯ ಮಹಾಯುದ್ಧ. ಜರ್ಮನರ ಬಾಂಬು ವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗೆ ಒಂದು ತೊಡಕಿತ್ತು. ಗುಂಡು ಮೇಲೇರುವ ಹೊತ್ತಿಗೆ ವಿಮಾನ ಬಹುದೂರ ಸರಿದಿರುತ್ತದೆ. ಆದುದರಿಂದ ವಿಮಾನವಿದ್ದ ಕಡೆಗಲ್ಲ, ಅದು ಇರಲಿರುವ ಕಡೆಗೆ ಗುರಿಯಿಡಬೇಕು. ಜೀವಭಯದಿಂದ ಚಾಲಕ ಅತ್ತಿತ್ತ ತಿರುಗಿಸಿದರೂ ಆ ತಿರುವುಗಳಲ್ಲಿ ಒಂದು ರೀತಿಯಿರುತ್ತದೆ. ಹಿಂದಿನ ಚಲನೆಯಿಂದ ಮುಂದಿನದನ್ನು ಸಂಭವಗಣಿತದ ಮೂಲಕ ಊಹಿಸುವ ವಿಧಾನವನ್ನು, ಬಿಗೆಲೋ ಎಂಬ ಎಂಜಿನಿಯರನ ಜೊತೆ ದುಡಿದು, ವೀನರ್ ರೂಪಿಸಿದನು. ೧೯೪೨ರ ಆ ಗೋಪ್ಯ ವರದಿಗೆ ಹಳದಿ ಹೊದಿಕೆ. ಒಳಗಿನ ಗಣಿತ ಕಠಿನ. ಎಂಜಿನಿಯರುಗಳು ಅದನ್ನು ಹಳದಿ ಪೀಡೆ ಎಂದು ಕರೆದರು. ಆ ಯಂತ್ರ ರಣರಂಗವನ್ನು ಸೇರಲಿಲ್ಲ. ಹೆಚ್ಚು ಸರಳವಾದ ಬೇರೊಂದು ಸಾಧನ ಬಹುಮಟ್ಟಿಗೆ ಅಷ್ಟೇ ಕೆಲಸವನ್ನು ಮಾಡುತ್ತಿತ್ತು. ಆದರೆ ಆ ಕೆಲಸದಿಂದ ಒಂದು ದೊಡ್ಡ ವಿಚಾರ ಹೊಳೆಯಿತು. ಮಾಡಿದ ಕಾರ್ಯದ ಫಲವನ್ನು ಕಂಡು ಮುಂದಿನ ಕಾರ್ಯವನ್ನು ತಿದ್ದಿಕೊಳ್ಳುವ ಕ್ರಮ, ಎಂಜಿನಿಯರುಗಳು ‘ಫೀಡ್‌ಬ್ಯಾಕ್’ ಎನ್ನುವುದು, ಫಿರಂಗಿಯಲ್ಲಿರುವಂತೆಯೇ ಮೇಜಿನ ಮೇಲಿನ ಲೇಖನಿಯನ್ನು ಎತ್ತಿಕೊಳ್ಳುವ ಮನುಷ್ಯನ ಕೈಯಲ್ಲಿಯೂ ಇದೆಯಲ್ಲವೆ? ಈ ತಿದ್ದುವಿಕೆ ಅತಿಯಾದರೆ ಯಂತ್ರ ಓಲಾಡುತ್ತದೆ. ಅಂಥ ಕಾಯಿಲೆ ಮನುಷ್ಯನಿಗೂ ಉಂಟೆ ಎಂದು ಮೆಕ್ಸಿಕೋ ದೇಶದ ಶರೀರಶಾಸ್ತ್ರಜ್ಞ ರೋಸೆನ್‌ಬ್ಲೂತನನ್ನು ವಿಚಾರಿಸಿದಾಗ, ಉಂಟು ಎಂಬ ಉತ್ತರ ಒಡನೆಯೇ ಬಂದಿತು. ಕಿರಿಮಿದುಳಿಗೆ ಪೆಟ್ಟಾದವನು ವಸ್ತುವಿಗೆ ಕೈಚಾಚಿದರೆ ಕೈ ಹಾಗೆಯೇ ತೂಗಾಡುತ್ತದೆ. ಜೀವಿಗೂ ಯಂತ್ರಕ್ಕೂ ಸಮಾನವಾದ ನಿಯಂತ್ರಣಶಾಸ್ತ್ರ ಹೀಗೆ ಹುಟ್ಟಿತು.

ಅಷ್ಟರಲ್ಲಿ ೧೯೪೫ರ ಆಗಸ್ಟ್ ಬಂದಿತು. ಹಿರೋಷಿಮಾ, ನಾಗಸಾಕಿ ಬೂದಿಯಾದುವು. ಮರುವರ್ಷದ ಕೊನೆಯಲ್ಲಿ ದೊಡ್ಡದೊಂದು ವಿಮಾನ ತಯಾರಿಕೆಯ ಕಂಪನಿಯ ಸಂಶೋಧಕನೊಬ್ಬ ಆ ಹಳದಿ ವರದಿಯ ಪ್ರತಿಯನ್ನು ಬಯಸಿ ವೀನರನಿಗೆ ಬರೆದನು. ಕಂಪನಿಯಲ್ಲಿ ನಡೆಯುತ್ತಿದ್ದುದು ಕ್ಷಿಪಣಿಗಳ ಕೆಲಸ. ವೀನರ್ ಕೊಡಲಾರೆನೆಂದನು. ಆತನ ಉತ್ತರ ೧೯೪೭ರ ಜನವರಿಯ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಅಣುಬಾಂಬನ್ನು ಮಾಡಿದ ವಿಜ್ಞಾನಿಗಳಿಗೆ ಅದರ ಪ್ರಯೋಗದ ಮೇಲೆ ಯಾವ ಅಧಿಕಾರವೂ ಉಳಿಯಲಿಲ್ಲ. ಆದುದರಿಂದ ತಿಳಿವಳಿಕೆಯನ್ನು ಕೈದಾಟಿಸುವುದು ನಿರ್ದೋಷವಾದ ಕಾರ್ಯವೆಂದು ಇನ್ನು ಹೇಳುವಂತಿಲ್ಲ. ನಿರಾಯುಧರಾದ ಜನರ ಮೇಲೆ ಎರಗುವ ಕ್ಷಿಪಣಿಗೆ ತನ್ನ ಗಣಿತ ಸಲ್ಲಬಾರದು. ಇದರಿಂದ ತನ್ನ ವಿಚಾರಗಳಿಗೆ ತಾನೇ ಪ್ರತಿಬಂಧಕನಾಗುವೆನೆಂಬುದೂ ತನಗೆ ಗೊತ್ತು. ಇದು ಅದರ ಸಾರಾಂಶ. ಅದೇ ತಿಂಗಳು ಹಾರ್ವರ್ಡಿನಲ್ಲಿ ನೌಕಾಸೈನ್ಯದ ನೆರವಿನಿಂದ ನಡೆದ ಗಣಕಯಂತ್ರಗಳ ಸಮ್ಮೇಳನದಲ್ಲಿ ಭಾಷಣ ಮಾಡಲೂ ನಿರಾಕರಿಸಿದನು. ಐನ್‌ಸ್ಟೈನ್ ಬಹಿರಂಗವಾಗಿ ಮೆಚ್ಚಿದನು, ಮೆಚ್ಚಿದವರು ಹೆಚ್ಚಿರಲಿಲ್ಲ. ಅಂದಿನಿಂದ ಆತ ಸೈನ್ಯದ ಹಣವನ್ನು ಮುಟ್ಟಲಿಲ್ಲ. ಎಫ್‌ಬಿಐ ಕಡತದಲ್ಲಿ ಆತನ ಹೆಸರು ಬೆಳೆಯಿತು.

ಈ ನಿರಾಕರಣೆಯಿಂದ ಆದುದೇನು ಎಂದು ಕೇಳಬಹುದು. ಕ್ಷಿಪಣಿಗಳು ನಿಲ್ಲಲಿಲ್ಲ. ವರದಿಯೂ ೧೯೪೯ರಲ್ಲಿ ಎಲ್ಲರ ಕೈಗೂ ದೊರೆಯುವ ಗ್ರಂಥವಾಗಿ ಪ್ರಕಟವಾಯಿತು! ಒಬ್ಬನಿಗೆ ಪ್ರತಿಯನ್ನು ಕೊಡದವನು ಶಾಸ್ತ್ರವನ್ನೇ ಲೋಕಕ್ಕೆ ಕೊಟ್ಟುದು ಅಸಂಗತವೆಂದು ಆಕ್ಷೇಪಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಇಂಥ ತಿಳಿವಳಿಕೆ ಒಬ್ಬನ ಸ್ವತ್ತಲ್ಲ, ಕಾಲದ್ದು. ಅದನ್ನು ಅಡಗಿಸಹೊರಟರೆ ಹೊಣೆಗೇಡಿಗಳ ಕೈಯಲ್ಲಿಯೇ ಅದು ಬೆಳೆಯುತ್ತದೆ. ಆದುದರಿಂದ ಅದರ ದಿಕ್ಕು ದೆಸೆಗಳು ಜನಸಾಮಾನ್ಯರಿಗೆಲ್ಲ ತಿಳಿಯಬೇಕೆಂದು ಆತ ತನ್ನ ಗ್ರಂಥದ ಪೀಠಿಕೆಯಲ್ಲಿಯೇ ವಿವರಿಸಿದ್ದಾನೆ. ಮುಚ್ಚಿದ ಬಾಗಿಲಿನ ಹಿಂದೆ ಕೆಲವರಿಗೆ ಕೊಡುವುದು ಬೇರೆ, ಬಯಲಿನಲ್ಲಿ ಎಲ್ಲರಿಗೂ ಕೊಡುವುದು ಬೇರೆ.

ಯುದ್ಧದ ಯಂತ್ರವಷ್ಟೇ ಆತನ ಚಿಂತೆಯಾಗಿರಲಿಲ್ಲ. ೧೯೪೯ರ ಆಗಸ್ಟಿನಲ್ಲಿ ಮೋಟಾರು ಕಾರ್ಮಿಕರ ಸಂಘದ ನಾಯಕ ವಾಲ್ಟರ್ ರಾಯ್ತರನಿಗೆ ಆತ ತಾನಾಗಿಯೇ ಒಂದು ಪತ್ರ ಬರೆದನು. ಸ್ವಯಂಚಾಲಿತ ಯಂತ್ರಗಳಿಗೆ ಸಲಹೆ ಕೊಡೆಂದು ಉದ್ಯಮವೊಂದು ಆತನನ್ನು ಕೇಳಿತ್ತು. ಆಳುಗಳಿಲ್ಲದ ಕಾರ್ಖಾನೆ ಒಂದೆರಡು ದಶಕಗಳಲ್ಲಿ ಬರಲಿದೆ, ನಿರುದ್ಯೋಗ ಘೋರವಾಗಲಿದೆ, ಕಾರ್ಮಿಕರು ಈಗಲೇ ಎಚ್ಚರಗೊಳ್ಳಲಿ ಎಂದು ತಿಳಿಸಿ, ತನ್ನ ನೆರವನ್ನೂ ನೀಡಬಂದನು. ಸಲಹೆಗೆ ದೊರೆಯಬಹುದಾಗಿದ್ದ ಸಂಭಾವನೆಯನ್ನು ಬಿಟ್ಟು, ಆ ಸಲಹೆಯಿಂದ ಕೆಲಸ ಕಳೆದುಕೊಳ್ಳಲಿದ್ದವರಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸಿದ ಪಂಡಿತರು ಆಗಲೂ ಅಪರೂಪ. ಮೊದಲ ಕೈಗಾರಿಕಾ ಕ್ರಾಂತಿ ಮನುಷ್ಯನ ತೋಳಿನ ಬೆಲೆಯನ್ನು ಇಳಿಸಿತು, ಎರಡನೆಯದು ಸಾಮಾನ್ಯ ಬುದ್ಧಿಯ ಬೆಲೆಯನ್ನು ಇಳಿಸುವುದೆಂಬುದು ಆತನ ಕಾಣ್ಕೆ. ಕೊಳ್ಳುವುದು ಮಾರುವುದು ಎಂಬುದಕ್ಕಿಂತ ಬೇರೆಯಾದ ಮೌಲ್ಯಗಳ ಮೇಲೆ ಸಮಾಜವನ್ನು ಕಟ್ಟದ ಹೊರತು ಇದಕ್ಕೆ ಪರಿಹಾರವಿಲ್ಲವೆಂದು ಆತ ನಂಬಿದ್ದನು. ಆ ಕಟ್ಟುವ ಬಗೆಯನ್ನು ವಿವರವಾಗಿ ತೋರಿಸಲಿಲ್ಲವೆಂಬುದನ್ನೂ ಹೇಳಲೇಬೇಕು.

೧೯೫೫-೫೬ರಲ್ಲಿ ಮಹಾಲನೋಬಿಸರ ಆಹ್ವಾನದಂತೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದನು. ನಮ್ಮ ದೇಶದ ಮೊದಲ ಗಣಕಯಂತ್ರ ಇಂಗ್ಲೆಂಡಿನಿಂದ ಬಂದು ನೆಲೆನಿಂತುದೂ ಅದೇ ಕಾಲದಲ್ಲಿ, ಅದೇ ಸಂಸ್ಥೆಯಲ್ಲಿ. ಮುಂಬಯಿಯ ಗಣಿತಜ್ಞ ಮಸಾನಿಯವರೂ ಆತನೂ ಕೂಡಿ ಪ್ರಕಟಿಸಿದ ಪ್ರಬಂಧಗಳು, ಫಿರಂಗಿಗಾಗಿ ಹುಟ್ಟಿದ ಆ ಭವಿಷ್ಯಗಣಿತವನ್ನು ಬಹಳ ಮುಂದಕ್ಕೆ ಒಯ್ದುವು.

೧೯೬೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಆತನ ಕಳವಳದ ತಿರುಳು. ಚೆಕರ್ಸ್ ಆಟವನ್ನು ಕಲಿತ ಯಂತ್ರ ತನ್ನನ್ನು ನಿರ್ಮಿಸಿದವನನ್ನೇ ಸೋಲಿಸಿತ್ತು. ನಮಗಿಂತ ವೇಗವಾಗಿ ನಡೆಯುವ ಯಂತ್ರವನ್ನು ನಡುವೆ ತಡೆಯುವಷ್ಟು ಹೊತ್ತು ನಮಗಿರದು. ಆದುದರಿಂದ ಅದರಲ್ಲಿ ಇಟ್ಟ ಉದ್ದೇಶ ನಾವು ನಿಜವಾಗಿ ಬಯಸಿದ್ದೇ ಎಂದು ಮೊದಲೇ ಖಚಿತವಾಗಿರಬೇಕು. ಇದಕ್ಕೆ ಆತ ಜೇಕಬ್ಸನ ಮಂಗನ ಪಂಜದ ಕಥೆಯನ್ನು ನೆನೆಯುತ್ತಿದ್ದನು: ಮಂತ್ರದ ಪಂಜದಿಂದ ಇನ್ನೂರು ಪೌಂಡು ಬೇಡಿದ ತಂದೆಗೆ ಅಷ್ಟೇ ಹಣ ಬರುತ್ತದೆ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ. ನಮಗಾದರೆ ಭಸ್ಮಾಸುರನ ನೆನಪಾದೀತು. ಆದರೆ ಭಸ್ಮಾಸುರನಿಗೆ ದುರುದ್ದೇಶವಿತ್ತು. ಪಂಜಕ್ಕೆ ಅದೂ ಇಲ್ಲ. ಹೇಳಿದುದನ್ನು ಹೇಳಿದಂತೆಯೇ ಮಾಡುತ್ತದೆ. ಇಂದು ಸಾಲ ಕೊಡಬೇಕೆ ಬೇಡವೆ, ಯಾವ ಸುದ್ದಿ ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನು ಯಂತ್ರಗಳಿಗೆ ಒಪ್ಪಿಸಿರುವಾಗ ಆ ಲೇಖನ ಹಳತಾಗಿ ಕಾಣುವುದಿಲ್ಲ.

೧೯೬೧ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದಾಗ, ಕೈ ಕಳೆದುಕೊಂಡವರಿಗೆ ಉಳಿದ ಸ್ನಾಯುವಿನ ವಿದ್ಯುತ್ಸಂಕೇತದಿಂದಲೇ ಚಲಿಸುವ ಕೃತಕ ತೋಳನ್ನು ಮಾಡಬಹುದೆಂದು ವೈದ್ಯರನ್ನು ಹುರಿದುಂಬಿಸಿದನು. ಅದು ಮುಂದೆ ‘ಬಾಸ್ಟನ್ ತೋಳು’ ಎಂದು ಹೆಸರಾಯಿತು. ಸಿದ್ಧವಾದುದನ್ನು ನೋಡಲು ಆತನೇ ಇರಲಿಲ್ಲ. ೧೯೬೪ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಆತನಿಗೆ ರಾಷ್ಟ್ರೀಯ ವಿಜ್ಞಾನ ಪದಕವನ್ನು ನೀಡಿದನು. ಅದಾದ ಎರಡೇ ತಿಂಗಳಿಗೆ, ಮಾರ್ಚ್ ೧೮ರಂದು, ಸ್ಟಾಕ್‌ಹೋಮಿನ ತಂತ್ರವಿದ್ಯಾ ಸಂಸ್ಥೆಯ ಮೆಟ್ಟಿಲುಗಳ ಮೇಲೆ ಹೃದಯಾಘಾತವಾಗಿ ತೀರಿಕೊಂಡನು. ವಯಸ್ಸು ಅರವತ್ತೊಂಬತ್ತು. ಕಲಿಯುವ ಯಂತ್ರವನ್ನೂ ಅದನ್ನು ಸೃಷ್ಟಿಸಿದವನ ಹೊಣೆಯನ್ನೂ ವಿಚಾರಿಸುವ ‘ಗಾಡ್ ಅಂಡ್ ಗೋಲೆಮ್’ ಎಂಬ ಚಿಕ್ಕ ಪುಸ್ತಕ ಆ ವರ್ಷವೇ ಹೊರಬಂದಿತು.