ಒನಕೆಪೆಟ್ಟಿನ ಕವಿ ಡೇವಿಡ್ ಡಿಯೋಪ್

ಪದವಿ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಆಫ್ರಿಕಾದ ಕವನ ಬಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ಅದನ್ನು ದೂರದ ದೇಶದ ಮಾತೆಂದು ಭಾವಿಸಿ, ಗೈಡ್ ನೋಡಿ ಬಾಯಿಪಾಠ ಮಾಡುವುದುಂಟು. ಆದರೆ ಕವಿಯ ಬದುಕನ್ನು ತಿಳಿದು ಓದಿದರೆ ಅದೇ ಕವನ ನಮ್ಮ ಮನೆಯ ಮಾತಾಗುತ್ತದೆ. ಇದಕ್ಕೆ ಡೇವಿಡ್ ಡಿಯೋಪ್ ಒಳ್ಳೆಯ ಉದಾಹರಣೆ.

ಡಿಯೋಪ್ 1927ರ ಜುಲೈ 9ರಂದು ಫ್ರಾನ್ಸಿನ ಬೋರ್ಡೊ ನಗರದಲ್ಲಿ ಜನಿಸಿದರು. ತಂದೆ ಸೆನೆಗಲ್ ದೇಶದವರು, ತಾಯಿ ಕ್ಯಾಮರೂನಿನವರು. ಬಾಲ್ಯದಲ್ಲೇ ತಂದೆ ತೀರಿಕೊಂಡಿದ್ದರಿಂದ ಮಕ್ಕಳನ್ನು ಸಾಕಿ ಓದಿಸುವ ಹೊಣೆ ತಾಯಿಯ ಮೇಲೆ ಬಿತ್ತು. ಡಿಯೋಪ್ ಅವರ ಆರೋಗ್ಯವೂ ಸರಿಯಿರಲಿಲ್ಲ. ಹಲವು ಕಾಲ ಆಸ್ಪತ್ರೆಯಲ್ಲೇ ಕಳೆಯಬೇಕಾಯಿತು. ವೈದ್ಯಕೀಯ ಓದಬೇಕೆಂದಿದ್ದವರು ಕೊನೆಗೆ ಸಾಹಿತ್ಯದ ಕಡೆ ತಿರುಗಿದರು. ಪ್ಯಾರಿಸ್ ಬಳಿಯ ಶಾಲೆಯಲ್ಲಿ ಅವರಿಗೆ ಗುರುಗಳಾಗಿದ್ದವರು ಮುಂದೆ ಸೆನೆಗಲ್‌ನ ಮೊದಲ ರಾಷ್ಟ್ರಪತಿಯಾದ ಕವಿ ಸೆಂಘೋರ್. 1948ರಲ್ಲಿ ಸೆಂಘೋರ್ ಹೊರತಂದ ಕಪ್ಪು ಕವಿಗಳ ಪ್ರಸಿದ್ಧ ಸಂಕಲನದಲ್ಲಿ ಈ ಶಿಷ್ಯನ ಕವನಗಳೂ ಸೇರಿದವು. ಆಗ ಅವರಿಗಿನ್ನೂ ಇಪ್ಪತ್ತೊಂದರ ಪ್ರಾಯ.

1956ರಲ್ಲಿ ಅವರ ಕವನ ಸಂಗ್ರಹ ಪ್ರಕಟವಾಯಿತು. ಅದರ ಫ್ರೆಂಚ್ ಹೆಸರಿನ ಅರ್ಥ ಒನಕೆಯ ಪೆಟ್ಟುಗಳು. ಆಫ್ರಿಕಾದ ಹಳ್ಳಿಯ ಹೆಂಗಸರು ಒನಕೆಯಿಂದ ಧಾನ್ಯ ಕುಟ್ಟುವ ಲಯವೇ ಅವರ ಕಾವ್ಯದ ಲಯ. ಕುಟ್ಟುವ ಹಾಡು, ಬೀಸುವ ಹಾಡು ಕೇಳಿ ಬೆಳೆದ ನಮ್ಮ ಅಜ್ಜಿಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಪದ ಮತ್ತೆ ಮತ್ತೆ ಬಂದು ಬೀಳುವ ಪುನರಾವರ್ತನೆ ಅವರ ಮುಖ್ಯ ತಂತ್ರ.

ತಾಯಿಗೆ ಅರ್ಪಿಸಿದ ‘ಆಫ್ರಿಕಾ’ ಕವನದಲ್ಲಿ ಖಂಡವೇ ಒಬ್ಬ ವ್ಯಕ್ತಿಯಾಗುತ್ತದೆ. ಅಜ್ಜಿಯ ಹಾಡಿನಿಂದ ಮಾತ್ರ ಆ ನಾಡನ್ನು ಬಲ್ಲವನು ಅದನ್ನು ಹೆಸರು ಹಿಡಿದು ಕರೆಯುತ್ತಾನೆ; ವೀರರ ನೆನಪಿನಿಂದ ಗುಲಾಮಗಿರಿಯ ಬೆವರಿಗೆ ಬಂದು, ಬಾಗಿದ ಬೆನ್ನು ನಿನ್ನದೇ ಏನೆಂದು ಪ್ರಶ್ನಿಸುತ್ತಾನೆ. ಉತ್ತರವಾಗಿ ಬರುವುದು ಎಳೆಯ ಮರದ ಪ್ರತಿಮೆ. ‘ರಣಹದ್ದುಗಳು’ ಕವನದಲ್ಲಿ ಆ ಹಕ್ಕಿಗಳು ವಸಾಹತುಶಾಹಿಯ ಸಂಕೇತ. ದಬ್ಬಾಳಿಕೆಯ ನೋವು, ಬೇರುಗಳ ಹುಡುಕಾಟ, ನಾಳೆಯ ಭರವಸೆ ಇವು ಅವರ ವಸ್ತುಗಳು. 1970ರ ದಶಕದಲ್ಲಿ ಬೆಳೆದ ನಮ್ಮ ದಲಿತ–ಬಂಡಾಯ ಕಾವ್ಯವನ್ನು ಓದಿದವರಿಗೆ ಈ ದನಿ ಹೊಸದೆನಿಸದು.

ಡಿಯೋಪ್ ಅವರನ್ನು ಕಾಡಿದ ದೊಡ್ಡ ಪ್ರಶ್ನೆ ಭಾಷೆಯದು. ಆಳುವವರ ಭಾಷೆಯಾದ ಫ್ರೆಂಚಿನಲ್ಲೇ ಅವರು ಬರೆದರು. ಆದರೆ ತನ್ನ ಜನರ ಭಾಷೆಯಿಂದ ದೂರವಾದ ಲೇಖಕ ಗೆದ್ದವರ ಸಾಹಿತ್ಯದ ಒಂದು ಮೂಲೆಯಲ್ಲಿ ಉಳಿದುಬಿಡುತ್ತಾನೆ ಎಂಬ ಆತಂಕವನ್ನು 1956ರಲ್ಲಿಯೇ ಬಹಿರಂಗವಾಗಿ ಮಂಡಿಸಿದರು. ಮನೆಯಲ್ಲಿ ಉರ್ದು, ಊರಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಮೂರು ಕಡೆ ಹಂಚಿಹೋಗುವ ನಮ್ಮ ಮಕ್ಕಳಿಗೂ ಈ ಪ್ರಶ್ನೆ ಸಂಬಂಧಪಟ್ಟದ್ದೇ.

ಅವರು ಬರೆದು ಸುಮ್ಮನೆ ಕೂರಲಿಲ್ಲ. ಸೆನೆಗಲ್‌ನ ಡಾಕಾರ್‌ನಲ್ಲಿ ಅಧ್ಯಾಪಕರಾದರು. 1958ರ ಅಕ್ಟೋಬರ್ 2ರಂದು ಗಿನಿ ದೇಶ ಸ್ವತಂತ್ರವಾದಾಗ ಫ್ರೆಂಚ್ ಅಧಿಕಾರಿಗಳು, ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ಶಾಲೆಗಳು ಬರಿದಾದ ಆ ಹೊತ್ತಿನಲ್ಲಿ ಡಿಯೋಪ್ ಅಲ್ಲಿಗೆ ಹೋಗಿ ಪಾಠ ಮಾಡಿದರು.

1960ರ ಆಗಸ್ಟ್ 29ರಂದು ಡಾಕಾರ್ ಸಮೀಪ ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ ಅವರೂ ಪತ್ನಿಯೂ ಇದ್ದರು. ವಿಮಾನದಲ್ಲಿದ್ದ 63 ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ. ಜೊತೆಗಿದ್ದ ಹೊಸ ಹಸ್ತಪ್ರತಿಗಳೂ ನೀರುಪಾಲಾದವು. ಆಗ ಅವರ ವಯಸ್ಸು ಕೇವಲ 33.

ಉಳಿದದ್ದು ಒಂದು ತೆಳುವಾದ ಪುಸ್ತಕ. ಅಷ್ಟರಿಂದಲೇ ಅವರು ಜಗತ್ತಿನ ತರಗತಿಗಳನ್ನು ತಲುಪಿದ್ದಾರೆ. ವಿದ್ಯಾರ್ಥಿ ಮಿತ್ರರು ಮುಂದೆ ಆ ಕವನ ಎದುರಾದಾಗ ಗೈಡ್ ಬದಿಗಿಟ್ಟು, ಒಮ್ಮೆ ಗಟ್ಟಿಯಾಗಿ ಓದಲಿ. ಒನಕೆಯ ಪೆಟ್ಟು ಕಿವಿಗೆ ಬಿದ್ದರೆ ಅರ್ಧ ಅರ್ಥವಾದಂತೆ.