ಅರ್ಧ ಕೋತಿ, ಅರ್ಧ ಮನುಷ್ಯಳು ಎಂದು ಫಾರ್ವರ್ಡ್ ಆಗುವ ಈ ಮಹಿಳೆ ನಿಜಕ್ಕೂ ಯಾರು?

ಮುಖದ ತುಂಬ ಕಪ್ಪು ಕೂದಲು, ಗಡ್ಡ, ದಪ್ಪ ತುಟಿ, ಮೈಮೇಲೆ ನರ್ತಕಿಯರು ತೊಡುವಂಥ ಚೆಂದದ ಉಡುಪು. ಇಂಥದೊಂದು ಹಳೆಯ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಮನುಷ್ಯರಿಗೂ ಕೋತಿಗೂ ಹುಟ್ಟಿದವಳು, ಇದನ್ನು ವೈದ್ಯರೇ ಖಚಿತಪಡಿಸಿದ್ದಾರೆ ಎಂಬ ಒಕ್ಕಣೆಯೂ ಅದರ ಜೊತೆಗಿರುತ್ತದೆ. ವೈದ್ಯನೊಬ್ಬ ಹಾಗೆಂದು ಬರೆದುಕೊಟ್ಟದ್ದು ನಿಜ. ಆದರೆ ಬರೆದುಕೊಟ್ಟ ಮಾತು ಶುದ್ಧ ಸುಳ್ಳು.

ಆಕೆಯ ಹೆಸರು ಜೂಲಿಯಾ ಪಸ್ತ್ರಾನಾ. ಮೆಕ್ಸಿಕೊ ದೇಶದ ಸಿನಲೋವಾ ಪ್ರಾಂತದ ಮೂಲನಿವಾಸಿ ಸಮುದಾಯದಲ್ಲಿ 1834ರಲ್ಲಿ ಹುಟ್ಟಿದರು. ಎತ್ತರ ಸುಮಾರು ನಾಲ್ಕೂವರೆ ಅಡಿ. ಆ ಪ್ರಾಂತದ ಗವರ್ನರ್ ಮನೆಯಲ್ಲಿ ಕೆಲಸಕ್ಕಿದ್ದರು. 1854ರಲ್ಲಿ ಆ ಮನೆ ಬಿಟ್ಟ ಕೆಲವೇ ತಿಂಗಳಲ್ಲಿ ಅವರನ್ನು ಅಮೆರಿಕಕ್ಕೆ ಕರೆದೊಯ್ಯಲಾಯಿತು.

ಯಾಕೆ ಕರೆದೊಯ್ದರು ಅನ್ನುವುದು ಕೊಟ್ಟೂರು ತೇರಿಗೋ ಮೈಲಾರ ಜಾತ್ರೆಗೋ ಹೋಗಿಬಂದವರಿಗೆ ಬೇಗ ತಿಳಿಯುತ್ತದೆ. ಜಾತ್ರೆ ಅಂದರೆ ಟೆಂಟುಗಳೂ ಇರುತ್ತವೆ, ಟಿಕೆಟ್ ಕೊಟ್ಟು ಒಳಗೆ ಹೋಗಿ ವಿಚಿತ್ರ ನೋಡಿ ಬರುವವರೂ ಇರುತ್ತಾರೆ. 19ನೇ ಶತಮಾನದ ಅಮೆರಿಕ, ಯುರೋಪಿನಲ್ಲಿ ಇದು ಬಹಳ ದೊಡ್ಡ ವ್ಯಾಪಾರವಾಗಿತ್ತು. ಅಲ್ಲಿನ ಟೆಂಟಿನೊಳಗೆ ನಿಲ್ಲಿಸುತ್ತಿದ್ದುದು ಮನುಷ್ಯರನ್ನೇ.

1854ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಜೂಲಿಯಾರ ಮೊದಲ ಪ್ರದರ್ಶನ ನಡೆಯಿತು. ಕರಡಿ ಹೆಂಗಸು ಎಂದು ಜಾಹೀರಾತು ಹಾಕಿದರು. ಅಲೆಕ್ಸಾಂಡರ್ ಮಾಟ್ ಎಂಬ ವೈದ್ಯ ಪರೀಕ್ಷಿಸಿ, ಈಕೆ ಮನುಷ್ಯ ಮತ್ತು ಒರಾಂಗುಟಾನ್ ವಾನರದ ಮಿಶ್ರ ತಳಿ ಎಂದು ಪ್ರಮಾಣಪತ್ರ ಕೊಟ್ಟ. ಒರಾಂಗುಟಾನ್ ಇರುವುದು ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಕಾಡುಗಳಲ್ಲಿ. ಮೆಕ್ಸಿಕೊದಲ್ಲಿ ಅದು ಎಲ್ಲಿಂದ ಬರಬೇಕು? ಅಷ್ಟನ್ನೂ ಯಾರೂ ಕೇಳಲಿಲ್ಲ. ಬಾಸ್ಟನ್ನಿನಲ್ಲಿ ಸ್ಯಾಮ್ಯುಯೆಲ್ ನೀಲೆಂಡ್ ಎಂಬ ತಜ್ಞ ಪರೀಕ್ಷಿಸಿ, ಈಕೆ ಪೂರ್ಣವಾಗಿ ಮನುಷ್ಯಳು ಎಂದು ಸರಿಯಾಗಿಯೇ ಹೇಳಿದ್ದರು. ಆದರೆ ಇವರು ಮನುಷ್ಯರು, ಬಂದು ನೋಡಿ ಎಂದರೆ ಟಿಕೆಟ್ ಯಾರು ಕೊಳ್ಳುತ್ತಾರೆ?

ಈ ಮನುಷ್ಯಳು ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಮಾತಾಡುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು. ಪ್ರದರ್ಶನದ ವ್ಯವಹಾರ ನೋಡಿಕೊಳ್ಳುತ್ತಿದ್ದ ಥಿಯೊಡೋರ್ ಲೆಂಟ್ ಅವರನ್ನು ಮದುವೆಯಾದ. ಆದಾಯ ಕೈತಪ್ಪದಿರಲಿ ಎಂದೇ ಈ ಮದುವೆ ಅಂತ ಬಹಳ ಜನ ನಂಬುತ್ತಾರೆ, ಆತ ಮುಂದೆ ನಡೆದುಕೊಂಡ ರೀತಿ ನೋಡಿದರೆ ಬೇರೆ ಅರ್ಥ ಹುಡುಕುವುದೂ ಕಷ್ಟ. ಹಗಲು ಹೊತ್ತಿನಲ್ಲಿ ಹೆಂಡತಿಯನ್ನು ಹೊರಗೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಬಿಟ್ಟಿ ನೋಡಿದವರು ಸಂಜೆ ದುಡ್ಡು ಕೊಡುವುದಿಲ್ಲವಲ್ಲ.

1857ರಲ್ಲಿ ಜೂಲಿಯಾ ಲಂಡನ್ನಿಗೆ ಬಂದರು. ಅಲ್ಲಿ ಪರ್ಲೆಂಡ್ ಎಂಬ ದಂತವೈದ್ಯ ಅವರ ಹಲ್ಲಿನ ಅಚ್ಚು ತೆಗೆದ. ಬಾಯಲ್ಲಿ ಎರಡು ಸಾಲು ಹಲ್ಲುಗಳಿವೆ ಎಂಬ ಮಾತು ಪರ್ಲೆಂಡನಿಂದ ವಿಜ್ಞಾನಿ ವ್ಯಾಲೇಸ್‌ಗೆ, ವ್ಯಾಲೇಸ್‌ನಿಂದ ಚಾರ್ಲ್ಸ್ ಡಾರ್ವಿನ್‌ಗೆ ದಾಟಿತು. ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಅದನ್ನು ಹಾಗೇ ಸೇರಿಸಿದ, ಜೊತೆಗೆ ಜೂಲಿಯಾರನ್ನು ಸ್ಪೇನಿನ ನರ್ತಕಿ ಅಂತಲೂ ಬರೆದ. ಎರಡೂ ತಪ್ಪು. 20ನೇ ಶತಮಾನದಲ್ಲಿ ಅಚ್ಚುಗಳನ್ನು ಮತ್ತೆ ಪರೀಕ್ಷಿಸಿದಾಗ ಎರಡು ಸಾಲು ಹಲ್ಲು ಇರಲಿಲ್ಲ, ವಸಡು ಮಾತ್ರ ವಿಪರೀತ ದಪ್ಪವಾಗಿತ್ತು. ಡಾರ್ವಿನ್ನನಂಥವನೂ ಮೂರನೇ ಕೈಯಿಂದ ಬಂದ ಫಾರ್ವರ್ಡ್ ನಂಬಿದ್ದ.

1860ರ ಮಾರ್ಚ್‌ನಲ್ಲಿ ಮಾಸ್ಕೋ ನಗರದಲ್ಲಿ ಜೂಲಿಯಾ ಗಂಡುಮಗುವನ್ನು ಹೆತ್ತರು. ಮಗುವಿನ ಮೈಮೇಲೂ ತಾಯಿಯಂತೆ ಕೂದಲಿತ್ತು. ಅದು ಕೆಲವೇ ದಿನ ಬದುಕಿತು. ಹೆರಿಗೆಯಾದ ಐದು ದಿನಕ್ಕೆ ಜೂಲಿಯಾ ಕೂಡ ತೀರಿಕೊಂಡರು. ವಯಸ್ಸು 26 ಇದ್ದೀತು. ಅಷ್ಟಕ್ಕೇ ಲೆಂಟ್ ಬಿಡಲಿಲ್ಲ. ಮಾಸ್ಕೋ ವಿಶ್ವವಿದ್ಯಾಲಯದವರು ಕೆಡದಂತೆ ಕಾಪಿಟ್ಟಿದ್ದ ತಾಯಿ ಮಗುವಿನ ಶವಗಳನ್ನು ವಾಪಸ್ ಪಡೆದು, 1862ರಲ್ಲಿ ಲಂಡನ್ನಿನಲ್ಲಿ ಅವನ್ನೂ ಪ್ರದರ್ಶನಕ್ಕಿಟ್ಟ. ಮುಂದೆ ಮುಖದಲ್ಲಿ ಕೂದಲಿದ್ದ ಇನ್ನೊಬ್ಬ ಹೆಣ್ಣುಮಗಳನ್ನು ಮದುವೆಯಾಗಿ, ಈಕೆ ಜೂಲಿಯಾಳ ತಂಗಿ ಎಂದು ಊರೂರು ತಿರುಗಿಸಿದ.

ಜೂಲಿಯಾರಿಗೆ ಇದ್ದದ್ದೇನು? ಹೈಪರ್‌ಟ್ರೈಕೋಸಿಸ್ ಎಂಬ ಅತಿ ಅಪರೂಪದ, ಹುಟ್ಟಿನಿಂದಲೇ ಬರುವ ಸ್ಥಿತಿ. ಇದರ ಒಂದು ಬಗೆಯಲ್ಲಿ ಮೈತುಂಬ ಕೂದಲಿನ ಜೊತೆ ವಸಡೂ ದಪ್ಪವಾಗುತ್ತದೆ. ಇದು 17ನೇ ವರ್ಣತಂತುವಿನಲ್ಲಿ ಆಗುವ ಬದಲಾವಣೆ ಎಂದು 2009ರಲ್ಲಿ ಗೊತ್ತಾಯಿತು. ಶಾಪವಲ್ಲ, ಗ್ರಹಣದ ದೋಷವಲ್ಲ, ಕೋತಿಯ ಸಂಬಂಧವಂತೂ ಅಲ್ಲವೇ ಅಲ್ಲ.

ಕೂಡ್ಲಿಗಿಯಲ್ಲೋ ಹಗರಿಬೊಮ್ಮನಹಳ್ಳಿಯಲ್ಲೋ ಹೆಣ್ಣುಮಗಳೊಬ್ಬಳು ಗದ್ದದ ಮೇಲಿನ ನಾಲ್ಕು ಕೂದಲನ್ನು ಸೆರಗಲ್ಲಿ ಮುಚ್ಚಿಕೊಳ್ಳುತ್ತಾಳಲ್ಲ, ಅದು ಈ ಕಾಯಿಲೆಯಲ್ಲ. ತುಟಿಯ ಮೇಲೆ, ಗದ್ದದಲ್ಲಿ ಗಂಡಸರಂತೆ ಒರಟು ಕೂದಲು ಬರುವುದಕ್ಕೆ ಹರ್ಸುಟಿಸಮ್ ಎನ್ನುತ್ತಾರೆ. 100 ಹೆಂಗಸರಲ್ಲಿ 5ರಿಂದ 10 ಜನಕ್ಕೆ ಇದು ಇರುತ್ತದೆ. ಹೆಣ್ಣಿನ ದೇಹದಲ್ಲೂ ಸ್ವಲ್ಪ ಪ್ರಮಾಣದಲ್ಲಿರುವ ಗಂಡು ಹಾರ್ಮೋನು ಹೆಚ್ಚಾದಾಗ, ಅಥವಾ ಕೂದಲ ಬುಡ ಅದಕ್ಕೆ ಜಾಸ್ತಿ ಸ್ಪಂದಿಸಿದಾಗ ಹೀಗಾಗುತ್ತದೆ. ಬಹುಪಾಲು ಕಾರಣ ಪಿಸಿಒಎಸ್, ಜನ ಪಿಸಿಒಡಿ ಅನ್ನುತ್ತಾರಲ್ಲ, ಅದೇ. ಮುಟ್ಟು ಏರುಪೇರಾಗುತ್ತಿದ್ದರೆ ಮುಖ್ಯವಾಗಿ ನೋಡಬೇಕಾದದ್ದು ಅದನ್ನು.

ಇನ್ನೊಂದು ಕಾರಣವನ್ನು ಒತ್ತಿ ಹೇಳಬೇಕು. ಬೆಳ್ಳಗಾಗಲೆಂದು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಮುಖದ ಕೂದಲೂ ಹೆಚ್ಚುತ್ತದೆ. ಅಂಥ ಟ್ಯೂಬು ಮನೆಯಲ್ಲಿದ್ದರೆ ವೈದ್ಯರಿಗೆ ತೋರಿಸಿ ಕೇಳಿ.

ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬ ಹೆದರಿಕೆ ಬಿಡಿ. ಹಾಗಾಗುವುದಿಲ್ಲವೆಂದು ಅಮೆರಿಕದ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ತೋರಿಸಿಕೊಟ್ಟರು. ಬ್ಲೇಡು ಮುಟ್ಟುವುದು ಚರ್ಮದ ಮೇಲಿನ ಸತ್ತ ಎಳೆಯನ್ನು, ಒಳಗಿನ ಬುಡವನ್ನಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೆ. ಕಡಲೆಹಿಟ್ಟು, ಅರಿಸಿನ ಉಜ್ಜಿದರೂ ಬುಡ ಸಾಯುವುದಿಲ್ಲ, ಒಣಗಿದ ಹಿಟ್ಟಿಗೆ ಅಂಟಿದ ನಾಲ್ಕು ರೋಮ ಕಿತ್ತು ಬರುತ್ತವೆ. ಥ್ರೆಡ್ಡಿಂಗ್, ವ್ಯಾಕ್ಸಿಂಗ್ ತಾತ್ಕಾಲಿಕ. ಲೇಸರ್ ಕಪ್ಪು ಕೂದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಳಿ ಕೂದಲಿಗಿಲ್ಲ, ಹಲವು ಸಲ ಹೋಗಬೇಕು, ಹಾರ್ಮೋನು ಸರಿಯಾಗದಿದ್ದರೆ ಮತ್ತೆ ಬರಲೂಬಹುದು. ಸೂಜಿಯಿಂದ ಬುಡಕ್ಕೆ ವಿದ್ಯುತ್ ಹಾಯಿಸುವ ವಿಧಾನವನ್ನು 1875ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ ಪ್ರಕಟಿಸಿದರು. ಜೂಲಿಯಾ ಸತ್ತು ಆಗಲೇ 15 ವರ್ಷವಾಗಿತ್ತು.

ಕೂದಲು ತಿಂಗಳೊಪ್ಪತ್ತಿನಲ್ಲಿ ಏಕಾಏಕಿ ಹೆಚ್ಚಿದರೆ, ದನಿ ಗಡುಸಾದರೆ, ಮುಟ್ಟು ನಿಂತರೆ ತಡ ಮಾಡಬೇಡಿ, ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದಲೂ ಹೀಗಾಗಬಹುದು. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಪರೀಕ್ಷೆಗೆ ಕೂಡ್ಲಿಗಿ, ಕೊಟ್ಟೂರು ಕಡೆಯವರು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು, ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ಇದು ಹಣೆಬರಹವಲ್ಲ, ಮಾತ್ರೆಗಳಿವೆ. ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು. ಬಸುರಿಯಾಗುವ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಕೆಲವು ಮಾತ್ರೆ ಆಗ ಕೊಡುವಂತಿಲ್ಲ.

ಇನ್ನು ಜೂಲಿಯಾರ ಕಥೆ ಲೆಂಟ್‌ನ ಜೊತೆಗೆ ಮುಗಿಯಲಿಲ್ಲ. ಅವನು 1884ರಲ್ಲಿ ರಷ್ಯಾದ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಶವಗಳು ಕೈಯಿಂದ ಕೈಗೆ ದಾಟಿ 1921ರಲ್ಲಿ ನಾರ್ವೆಯ ಪ್ರದರ್ಶಕನೊಬ್ಬನ ಪಾಲಾದವು. 1970ರ ದಶಕದವರೆಗೂ ಜನ ದುಡ್ಡು ಕೊಟ್ಟು ನೋಡಿದರು. 1979ರಲ್ಲಿ ಜೂಲಿಯಾರ ಶವವನ್ನು ಕಳ್ಳರು ಹೊತ್ತೊಯ್ದರು. ಪೊಲೀಸರ ಕೈಗೆ ಸಿಕ್ಕಿದ ಅದು ಓಸ್ಲೋ ನಗರದ ಸಂಸ್ಥೆಯೊಂದರಲ್ಲಿ ಉಳಿಯಿತು. ಮೆಕ್ಸಿಕೊ ಮೂಲದ ಕಲಾವಿದೆ ಲಾರಾ ಆಂಡರ್ಸನ್ ಬಾರ್ಬಾಟಾ 2005ರಿಂದ ಪತ್ರ ಬರೆದು ಬೆನ್ನು ಹತ್ತಿದರು. ಕೊನೆಗೆ 2013ರ ಫೆಬ್ರುವರಿ 12ರಂದು, ಸಿನಲೋವಾ ಪ್ರಾಂತದ ಪುಟ್ಟ ಊರಿನಲ್ಲಿ, ಬಿಳಿ ಪೆಟ್ಟಿಗೆಯಲ್ಲಿ ಬಿಳಿ ಹೂಗಳ ನಡುವೆ ಜೂಲಿಯಾರನ್ನು ಮಣ್ಣು ಮಾಡಿದರು. ಮಗು ಜೊತೆಗಿರಲಿಲ್ಲ. ಅದರ ದೇಹವನ್ನು 1976ರಲ್ಲೇ ಗೋದಾಮಿಗೆ ನುಗ್ಗಿದವರು ಹಾಳುಗೆಡವಿದ್ದರು.