ಗಾಳಿ ಸೋರಿದರೆ ಗಾಡಿ ನಿಲ್ಲಬೇಕು: ವೆಸ್ಟಿಂಗ್‌ಹೌಸ್ ಹಿಡಿದ ಹಠ

ನನ್ನ ಸೋದರಮಾವ ಲಾರಿ ಡ್ರೈವರ್ ಆಗಿದ್ದರು. ಬೆಳಗ್ಗೆ ಇಂಜಿನ್ ಸ್ಟಾರ್ಟ್ ಮಾಡಿ, ಏರ್ ಮೀಟರಿನ ಮುಳ್ಳು ಮೇಲೇರುವ ತನಕ ಗೇರ್ ಮುಟ್ಟುತ್ತಿರಲಿಲ್ಲ. ಇಂಜಿನ್ ಜೊತೆಗೇ ತಿರುಗುವ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತೆ. ಒತ್ತಡ ಸುಮಾರು 8 ಬಾರ್ ಮುಟ್ಟಿದರೆ ಗವರ್ನರ್ ಅದನ್ನು ತಡೆಯುತ್ತೆ. ಬ್ರೇಕ್ ಒತ್ತಿ ಒತ್ತಿ ಇಳಿದರೆ ಮತ್ತೆ ತುಂಬಲು ಬಿಡುತ್ತೆ. ಬಸ್ಸು ಲಾರಿಗಳು ಆಗಾಗ ಪುಸ್ ಅಂತ ಉಸಿರು ಬಿಡುವುದು ಇದಕ್ಕೇ. ಆ ಸದ್ದು ಕೇಳಿದಾಗೆಲ್ಲ ನನಗೆ ಜಾರ್ಜ್ ವೆಸ್ಟಿಂಗ್‌ಹೌಸ್ ನೆನಪಾಗುತ್ತಾನೆ.

ಹುಟ್ಟಿದ್ದು 1846ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪನದು ಕೃಷಿ ಯಂತ್ರಗಳ ಕಾರ್ಖಾನೆ. ಹುಡುಗ ಪುಸ್ತಕಕ್ಕಿಂತ ಲೇತ್ ಮುಂದೆ ಹೆಚ್ಚು ಹೊತ್ತು ಕಳೆದವನು. ಅಂತರ್ಯುದ್ಧದಲ್ಲಿ ಸೈನಿಕನಾಗಿ ಹೋಗಿ ಬಂದ. ಒಮ್ಮೆ ಎರಡು ಗೂಡ್ಸ್ ರೈಲುಗಳು ಡಿಕ್ಕಿಯಾದ ಜಾಗವನ್ನು ಕಂಡ. ಹಗಲು ಹೊತ್ತು, ನೇರ ಹಳಿ. ಇಬ್ಬರೂ ಚಾಲಕರಿಗೆ ಎದುರಿನ ರೈಲು ಕಂಡಿತ್ತು, ಆದರೆ ನಿಲ್ಲಿಸಲಾಗಲಿಲ್ಲ. ಆಗ ಬ್ರೇಕ್ ಹಾಕುತ್ತಿದ್ದದ್ದು ಮನುಷ್ಯರು. ಶಿಳ್ಳೆ ಕೇಳಿದ ಕೂಡಲೇ ಗೂಡ್ಸ್ ವ್ಯಾಗನ್‌ಗಳ ನೆತ್ತಿಯ ಮೇಲೆ ಓಡಿ ಒಂದೊಂದೇ ಚಕ್ರ ತಿರುಗಿಸಬೇಕು. ಮಳೆ, ಹಿಮದಲ್ಲಿ ಜಾರಿ ಬಿದ್ದು ಸತ್ತವರು ಎಷ್ಟೋ ಮಂದಿ.

ಆಲ್ಪ್ಸ್ ಪರ್ವತದಲ್ಲಿ ಸುರಂಗ ಕೊರೆಯಲು ಒತ್ತಿ ತುಂಬಿದ ಗಾಳಿಯನ್ನು ಪೈಪಿನಲ್ಲಿ ಬಲುದೂರ ಸಾಗಿಸುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಓದಿದ ಮೇಲೆ ಅವನಿಗೆ ದಾರಿ ಹೊಳೆಯಿತು. 1869ರಲ್ಲಿ ಪೇಟೆಂಟ್ ಸಿಕ್ಕಾಗ ವಯಸ್ಸು 22. ಇಂಜಿನ್ನಿನಲ್ಲಿ ಟ್ಯಾಂಕು, ಅಲ್ಲಿಂದ ಪ್ರತಿ ಬೋಗಿಗೂ ಪೈಪು. ಗಾಳಿ ಬಿಟ್ಟರೆ ಬ್ರೇಕ್. ಚೆನ್ನಾಗಿಯೇ ಮಾರಾಟವಾಯಿತು. ಆದರೆ ಪೈಪ್ ಒಡೆದರೆ? ಬೋಗಿ ಕಳಚಿಕೊಂಡರೆ? ಬ್ರೇಕೇ ಇಲ್ಲ.

ನನ್ನ ಮಟ್ಟಿಗೆ ಅವನ ದೊಡ್ಡತನ ಮೊದಲ ಬ್ರೇಕಿನಲ್ಲಿಲ್ಲ, 1872ರಲ್ಲಿ ಅದನ್ನು ತಾನೇ ತಲೆಕೆಳಗು ಮಾಡಿದ್ದರಲ್ಲಿದೆ. ಪ್ರತಿ ಬೋಗಿಗೂ ಒಂದು ಪುಟ್ಟ ಟ್ಯಾಂಕು, ಒಂದು ಟ್ರಿಪಲ್ ವಾಲ್ವ್ ಕೊಟ್ಟ. ಪೈಪಿನಲ್ಲಿ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತೆ. ಒತ್ತಡ ಇಳಿದ ಕೂಡಲೇ ವಾಲ್ವ್ ಆ ಟ್ಯಾಂಕಿನ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ತಳ್ಳುತ್ತೆ. ರೈಲು ನಡುವೆ ತುಂಡಾದರೆ ಎರಡೂ ತುಂಡು ನಿಲ್ಲುತ್ತವೆ.

ಈ ಬುದ್ಧಿ ಎಲ್ಲರಿಗೂ ಬೇಗ ಬರಲಿಲ್ಲ. 1889ರಲ್ಲಿ ಐರ್ಲೆಂಡಿನ ಆರ್ಮಾದಲ್ಲಿ ಪ್ರವಾಸ ಹೊರಟ ಮಕ್ಕಳಿದ್ದ ರೈಲು ಏರು ಹತ್ತಲಾಗದೆ ನಿಂತಿತು. ಅದರಲ್ಲಿದ್ದದ್ದು ತಾನಾಗಿ ಬೀಳದ ವ್ಯಾಕ್ಯೂಮ್ ಬ್ರೇಕು. ರೈಲನ್ನು ಎರಡು ಭಾಗ ಮಾಡಿದರು, ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಓಡಿ ಬೇರೊಂದು ರೈಲಿಗೆ ಬಡಿದವು. ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕರ ರೈಲಿಗೆ ತಾನಾಗಿ ಬೀಳುವ ಬ್ರೇಕು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಕಾನೂನು ಬಂದದ್ದು 1893ರಲ್ಲಿ.

ಅವನೂ ಎಡವಿದವನೇ. 1886ರ ಬರ್ಲಿಂಗ್ಟನ್ ಪರೀಕ್ಷೆಯಲ್ಲಿ ಉದ್ದದ ಗೂಡ್ಸ್ ರೈಲಿನ ಹಿಂಬದಿಗೆ ಬ್ರೇಕ್ ತಲುಪುವುದು ತಡವಾಗಿ, ಹಿಂದಿನ ವ್ಯಾಗನ್‌ಗಳು ಮುಂದಿನವಕ್ಕೆ ಗುದ್ದಿದವು. ವಾಲ್ವ್ ಬದಲಿಸಿ ಮರುವರ್ಷ ಗೆದ್ದ. ಆಮೇಲಿನ ಕಥೆ ಹೆಚ್ಚಿನವರಿಗೆ ಗೊತ್ತು: ಟೆಸ್ಲಾನ ಪೇಟೆಂಟು, ಎಡಿಸನ್ ಜೊತೆ ಕರೆಂಟಿನ ಜಗಳ, ನಯಾಗರಾ ವಿದ್ಯುತ್ತು. 1907ರ ಆರ್ಥಿಕ ಕುಸಿತದಲ್ಲಿ ತನ್ನದೇ ವಿದ್ಯುತ್ ಕಂಪನಿಯ ಹಿಡಿತ ಕೈತಪ್ಪಿತು. 1914ರಲ್ಲಿ ತೀರಿಕೊಂಡ.

ಇವತ್ತಿನ ಲಾರಿಯ ಕಾಲ್ಬ್ರೇಕು ಅವನ ಮೊದಲ ಬ್ರೇಕಿನ ಹಾಗೆ, ಒತ್ತಿದರೆ ಗಾಳಿ ಬಂದು ಹಿಡಿಯುತ್ತೆ. ಎರಡನೆಯ ಬುದ್ಧಿ ಇರೋದು ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕಿನಲ್ಲಿ. ಬಲವಾದ ಸ್ಪ್ರಿಂಗನ್ನು ಗಾಳಿ ಅದುಮಿ ಹಿಡಿದಿರುತ್ತೆ. ಗಾಳಿ ಹೋದರೆ ಸ್ಪ್ರಿಂಗೇ ಚಕ್ರ ಕಚ್ಚುತ್ತೆ. ನಮ್ಮ ಹೆದ್ದಾರಿಗಳಲ್ಲಿ ಇದನ್ನೇ ಕಾಟ ಅಂದುಕೊಂಡವರಿದ್ದಾರೆ. ಬ್ರೇಕ್ ಜಾಮ್ ಆಯ್ತಾ, ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಕಟ್ಟಿಹಾಕಿ, ಹಾಗೇ ಘಾಟಿ ಇಳಿಸುತ್ತಾರೆ. ಗ್ಯಾರೇಜಿಗೆ ಎಳೆಸಿಕೊಂಡು ಹೋಗಲು ಇರುವ ಬೋಲ್ಟ್ ಅದು, ಲೋಡು ಹೊತ್ತು ಇಳಿಯೋಕಲ್ಲ.

ಶಿರಾಡಿಯಲ್ಲಿ ಒಮ್ಮೆ ಪೈಪ್ ಸೋರಿ ಮಾವನ ಲಾರಿ ನಿಂತುಬಿಟ್ಟಿತು. ಬೋಲ್ಟ್ ಹಾಕಿ ಇಳಿಸು ಅಂತ ಮಾಲೀಕರು ಫೋನಿನಲ್ಲಿ ಕೂಗಾಡಿದರಂತೆ. ಮಾವ ಇಳಿಸಲಿಲ್ಲ. ಪೈಪ್ ಬರುವ ತನಕ ಎರಡು ದಿನ ಚಕ್ರಕ್ಕೆ ಕಲ್ಲು ಕೊಟ್ಟು ಅಲ್ಲೇ ಕೂತರು. ಆ ಎರಡು ದಿನದ ಬಾಟಾ ಅವರಿಗೆ ಸಿಗಲಿಲ್ಲ.